ಠಂಡಿ ಮಹಲಿನಲ್ಲಿ ಚರಗ

ಹುಮನಾಬಾದಿನ ಬೀಜ-ಗೊಬ್ಬರದ ವ್ಯಾಪಾರಿ ದಿಗಂಬರಪ್ಪನವರಿಗೆ ಮೂವತ್ತು ವರ್ಷಗಳಿಂದ ಒಂದೇ ದುಃಖ. ಅವರು ಹಿಂದೆ ನಡೆಯುವವರು.

ಅಂಗಡಿಯಲ್ಲಿ ಹಾಗಲ್ಲ. ಅಲ್ಲಿ ಅವರು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತರೆ ಹತ್ತು ಹಳ್ಳಿಯ ರೈತರು ಮುಂದೆ ನಿಂತು, "ಅಪ್ಪಾರ, ಈ ಸಲ ಯಾವ ತೊಗರಿ ಬಿತ್ತೋಣ್ರಿ?" ಎಂದು ಕೇಳುತ್ತಿದ್ದರು. ಮನೆಯಲ್ಲಿಯೂ ಹಾಗಲ್ಲ (ಇದು ಅವರ ಅಭಿಪ್ರಾಯ, ಹೆಂಡತಿ ರತ್ನಮಾಲಾಬಾಯಿಯವರದು ಬೇರೆ). ಹಿಂದೆ ನಡೆಯುವ ಪ್ರಸಂಗ ಬರುತ್ತಿದ್ದುದು ವರ್ಷಕ್ಕೊಂದೇ ದಿನ, ಎಳ್ಳ ಅಮಾವಾಸ್ಯೆಯಂದು, ಹುಡಗಿ ಎಂಬ ಹಳ್ಳಿಯಲ್ಲಿದ್ದ ಹಿರಿಯರ ಹೊಲದಲ್ಲಿ.

ಆ ದಿನ ಭೂಮಿತಾಯಿ ಬಸುರಿ. ಅವಳ ಬಯಕೆ ತೀರಿಸಬೇಕು. ಆದ್ದರಿಂದ ಬೀದರ ಸೀಮೆಯಲ್ಲಿ ಆ ಹೊತ್ತು ಊರುಗಳಲ್ಲಿ ಮನುಷ್ಯರೇ ಇರುವುದಿಲ್ಲ. ಎಲ್ಲರೂ ಕಾಳು-ಕಾಯಿಪಲ್ಯ ಕೂಡಿಸಿ ಕುದಿಸಿದ ಭಜ್ಜಿ, ಅಂಬಲಿ, ಸಜ್ಜೆ ರೊಟ್ಟಿ, ಕಡುಬು ಕಟ್ಟಿಕೊಂಡು ಹೊಲಗಳಲ್ಲಿರುತ್ತಾರೆ. ಆದರೆ ಉಣ್ಣುವ ಮೊದಲು ಚರಗ ಚೆಲ್ಲಬೇಕು. ಒಬ್ಬನು ಅಡುಗೆಯ ಬುಟ್ಟಿ ಹಿಡಿದು, ಬೆಳೆಯ ಮೇಲೆ ಚೆಲ್ಲುತ್ತ, "ಹುಲ್ಲುಲ್ಲಿಗೋ" ಎಂದು ಕೂಗುತ್ತ ಮುಂದೆ ನಡೆಯುತ್ತಾನೆ. ಇನ್ನೊಬ್ಬನು ತಂಬಿಗೆಯ ನೀರು ಚಿಮುಕಿಸುತ್ತ, "ಚಲ್ಲಂಬರಿಗೋ" ಎಂದು ಉತ್ತರ ಕೊಡುತ್ತ ಹಿಂದೆ ನಡೆಯುತ್ತಾನೆ. (ಈ ಎರಡು ಮಾತುಗಳ ಅರ್ಥವನ್ನು ಯಾರೂ ಕೇಳಬಾರದು. ಭೂಮಿತಾಯಿಗೆ ತಿಳಿದಿದೆ, ಅಷ್ಟು ಸಾಕು.) ತಂದೆ ತೀರಿಕೊಂಡ ಮೇಲೆ ಬುಟ್ಟಿ ಅಣ್ಣ ಶಂಕರಲಿಂಗಪ್ಪನ ಕೈಗೆ ಹೋಯಿತು, ತಂಬಿಗೆ ದಿಗಂಬರಪ್ಪನವರ ಕೈಗೆ ಬಂತು. ಅಂದಿನಿಂದ ಮೂವತ್ತು ಅಮಾವಾಸ್ಯೆಗಳು ಕಳೆದವು. ಬುಟ್ಟಿ ಅಣ್ಣನ ಕೈಯಲ್ಲೇ ಉಳಿಯಿತು, ತಂಬಿಗೆ ತಮ್ಮನ ಕೈಯಲ್ಲೇ ಉಳಿಯಿತು. ಹೊಲಕ್ಕೆ ಬೀಜ ಕೊಡುವವರು ತಾವು, ಗೊಬ್ಬರ ಕೊಡುವವರು ತಾವು, ಆದರೆ ಕೂಗುವಾಗ ಮಾತ್ರ ತಾವು ಅಣ್ಣನ ಬಾಲಂಗೋಚಿ. ಇದು ನ್ಯಾಯವೆ?

ಬಾಯಿಬಿಟ್ಟು ಒಮ್ಮೆ ಕೇಳಿದ್ದರೆ ಆಗುತ್ತಿತ್ತು. ಆದರೆ ಕೇಳಿ ಪಡೆದ ಕಿರೀಟ ಕಿರೀಟವೆ? ಎಂದು ಅವರು ಕೇಳಲಿಲ್ಲ.

ಆ ವರ್ಷ (ಮೊಬೈಲು ಇನ್ನೂ ನಮ್ಮ ಕಡೆಗೆ ಕಾಲಿಡದ, ತೊಂಬತ್ತರ ದಶಕದ ಕೊನೆಯ ಮಾತು) ಅಮಾವಾಸ್ಯೆಗೆ ನಾಲ್ಕು ದಿನ ಇರುವಾಗ ದಿಗಂಬರಪ್ಪನವರು ಮಚ್ಚೇಂದ್ರನ ಬಟ್ಟೆಯ ಅಂಗಡಿಯ ಮುಂದೆ ಹಾಯ್ದುಹೋಗುತ್ತಿದ್ದರು. ಒಳಗೆ ಅಣ್ಣ ಕನ್ನಡಿಯ ಮುಂದೆ ನಿಂತು, ಜರಿಯಂಚಿನ ಗುಲಾಬಿ ರುಮಾಲನ್ನು ತಲೆಗೆ ಸುತ್ತಿ, ಮುಖವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ನೋಡಿಕೊಳ್ಳುತ್ತಿದ್ದನು. ಅರವತ್ತಾರರ ವಯಸ್ಸಿನಲ್ಲಿ ಮದುಮಗನಂತೆ. ಮುಂದೆ ನಡೆಯುವುದಲ್ಲದೆ ಈ ಸಲ ಜರಿ ರುಮಾಲು ಬೇರೆ. ಹಿಂದಿನವನಿಗೆ ಒಂದು ಕರವಸ್ತ್ರವೂ ಇಲ್ಲ.

ಮನೆಗೆ ಬಂದವರೇ ಐತಿಹಾಸಿಕ ನಿರ್ಣಯವನ್ನು ಘೋಷಿಸಿದರು.

"ಈ ವರ್ಷ ಹೊಲಕ್ಕ ಹೋಗೂದಿಲ್ಲ. ಅರಮನಿಗೆ ಹೋಗೂದು."

ರತ್ನಮಾಲಾಬಾಯಿ ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಲಿಲ್ಲ. "ಯಾವ ಅರಮನಿರಿ?"

"ಬಸವಕಲ್ಯಾಣದ ಹಾದ್ಯಾಗ ಅದ ಅಲ್ಲ, ನವಾಬರ ಠಂಡಿ ಮಹಲು. ರಾಜರು ಬ್ಯಾಸಗಿ ಕಳೀಲಿಕ್ಕೆ ಕಟ್ಟಿಸಿದ್ದು. ಮುಂದ ಹೂದೋಟದ ಬಾಗು ಅದ, ಕಾರಂಜಿ ಅದ. ಹುಡಗಿ ಹೊಲದಾಗ ಏನದ? ಮಣ್ಣಿನ ಹೆಂಟಿ ಅದ."

"ಬ್ಯಾಸಗಿ ಅರಮನಿಗೆ ಇಂಥಾ ಥಂಡ್ಯಾಗ ಹೋಗೂದ್ರಿ?"

"ರಾಜರಿಗೆ ಕಾಲ ಕೇಳಬಾರದು."

"ರಾಜರಿಗೆ ಕೇಳಲಿಲ್ಲರಿ, ನಿಮಗ ಕೇಳಿದೆ." ರತ್ನಮಾಲಾಬಾಯಿ ಸಿಪ್ಪೆಯನ್ನು ಒಂದು ಕಡೆಗೆ ಸರಿಸಿದರು. "ಭಾವಾರ ಸಂಗಾಟ ಏನಾತು?"

"ಏನೂ ಆಗಿಲ್ಲ."

"ಮಾರಿ ನೋಡಿದ್ರ ಗೊತ್ತಾಗ್ತದ. ಹೋಗಿ ಒಂದು ಮಾತು ಕೇಳಬಾರದೇನ್ರಿ?"

"ನಾ ಏನ ಕೇಳಲಿ? ಹಿಂದ ನಡಿಯೂ ಕೀಳು ಕೆಲಸ ನಂಗಿನ್ನ ಸಾಕು. ಆ ಹಿಂದಿನ ಕೂಗು ಈ ಬಾಯಿಂದ ಇನ್ನ ಹೊರಡಾಂಗಿಲ್ಲ. ಇದು ಆಣಿ."

ಆಣೆ ಕೇಳಿ ಮಕ್ಕಳಿಬ್ಬರೂ ಪಕ್ಷಾಂತರ ಮಾಡಿದರು. ಅಮಾವಾಸ್ಯೆಯ ಹಿಂದಿನ ಸಂಜೆ ದೊಡ್ಡಪ್ಪನ ಬಂಡಿ ಊರಿಗೆ ಬಂದಿತ್ತು. ಅದನ್ನು ಹತ್ತಿ ಹುಡಗಿಗೆ ಹೋಗಿಬಿಟ್ಟರು. ರತ್ನಮಾಲಾಬಾಯಿ ಮಾತ್ರ ಗಂಡನ ಜೊತೆ ಉಳಿದರು. ಆದರೆ ಒಂದು ಷರತ್ತು ಹಾಕಿದರು: ಅರಮನೆಯಾಗಲಿ ಮಸಣವಾಗಲಿ, ಭಜ್ಜಿ-ಅಂಬಲಿ ಇಲ್ಲದೆ ಎಳ್ಳ ಅಮಾವಾಸ್ಯೆ ಕಳೆಯುವುದಿಲ್ಲ. ಬೆಳಗಿನ ಜಾವಕ್ಕೆ ಎದ್ದು ಹಸಿ ಕಡಲೆ, ತೊಗರಿಕಾಳು, ಅವರೆ, ಬದನೆ, ಗಜ್ಜರಿ, ಮೆಂತ್ಯೆ ಎಲ್ಲವನ್ನೂ ಹಾಕಿ ಹತ್ತು ಜನರಿಗಾಗುವಷ್ಟು ಭಜ್ಜಿ ಮಾಡಿದರು. (ಇಬ್ಬರಿಗಾಗುವಷ್ಟು ಭಜ್ಜಿ ಮಾಡುವ ವಿದ್ಯೆ ನಮ್ಮ ಕಡೆಯ ಹೆಂಗಸರಿಗೆ ಯಾರೂ ಕಲಿಸಿಲ್ಲ.) ಅಂಬಲಿಯ ಗಡಿಗೆಯನ್ನು ಮಡಿಲಲ್ಲಿಟ್ಟುಕೊಂಡು ಜೀಪು ಹತ್ತಿದರು.

ಜೀಪು ಯುನೂಸನದು. ಅವನಿಗೆ ಬಾಡಿಗೆಗಿಂತ ಹೆಚ್ಚಿನ ಚಿಂತೆ ಬೇರೆ ಇತ್ತು. "ಅಪ್ಪಾರ, ಜಲ್ದಿ ನೋಡಿ ಮುಗಸ್ರಿ. ನಂಗ ಇವತ್ತ ಮೂರು ಹೊಲದಾಗ ಊಟ ಹೇಳ್ಯಾರ. ಒಂದು ಕಡಿ ಬಿಟ್ಟರೂ ವರ್ಷಗಟ್ಟಲೆ ಮಾತು ಕೇಳಬೇಕಾಗ್ತದ."

ಆ ರಾಜಮಾರ್ಗದ ಪಯಣ ದಿಗಂಬರಪ್ಪನವರಿಗೆ ಅಗ್ನಿಪರೀಕ್ಷೆಯಾಯಿತು. ದಾರಿಯ ಎರಡೂ ಬದಿಗೆ ಹೊಲಹೊಲಗಳಲ್ಲಿ ಜೋಳದ ದಂಟಿನ ಪುಟ್ಟ ಕೊಂಪೆಗಳು, ಅವುಗಳೊಳಗೆ ಸುಣ್ಣ ಹಚ್ಚಿದ ಪೂಜೆಯ ಐದು ಕಲ್ಲುಗಳು, ಹೊರಗೆ ಹಸಿರು ಸೀರೆಗಳು. ಗಾಳಿಯಲ್ಲಿ ಭಜ್ಜಿಯ ಹುಳಿ ವಾಸನೆ. ಎಲ್ಲಿಂದಲೋ "ಹುಲ್ಲುಲ್ಲಿಗೋ" ಕೇಳುತ್ತಿತ್ತು, ಅದರ ಬೆನ್ನಿಗೇ "ಚಲ್ಲಂಬರಿಗೋ". ಪ್ರತಿ ಸಲವೂ ದಿಗಂಬರಪ್ಪನವರ ತುಟಿ ತಾನಾಗಿ ಅಲುಗುತ್ತಿತ್ತು. ಮೂವತ್ತು ವರ್ಷದ ರೂಢಿ. ಅವರು ಅದನ್ನು ಹಲ್ಲಿನಿಂದ ಕಚ್ಚಿ ಹಿಡಿಯುತ್ತಿದ್ದರು. ಒಂದೆಡೆ ಮುದುಕನೊಬ್ಬನು ರಸ್ತೆಗೇ ಬಂದು ಜೀಪಿಗೆ ಕೈ ಅಡ್ಡ ಹಿಡಿದನು.

"ಬರ್ರಿ, ಊಟಾ ಮಾಡಿ ಹೋಗ್ರಿ."

"ಇಲ್ಲಪಾ, ನಾವು ಅರಮನಿ ನೋಡ್ಲಿಕ್ಕೆ ಹೊಂಟೀವಿ."

"ಇವತ್ತ?" ಎಂದನು ಮುದುಕ. ಆಮೇಲೆ ರತ್ನಮಾಲಾಬಾಯಿಯ ಕಡೆಗೆ ತಿರುಗಿ, ಮನೆಯಲ್ಲಿ ಕಾಯಿಲೆಯವರಿರುವಾಗ ಕೇಳುವ ದನಿಯಲ್ಲಿ ಕೇಳಿದನು: "ಆರಾಮ ಅದಾರ ಹೌದಲ್ಲವಾ ಯಜಮಾನ್ರು?"

ಠಂಡಿ ಮಹಲು ಹಳೆಯದು, ದಪ್ಪ ಗೋಡೆಯದು, ನಡುವೆ ಒಂದು ಗುಮ್ಮಟವುಳ್ಳದು. ನೆಲದಡಿಯಲ್ಲಿ ನೀರು ಹರಿಸಿ ಒಳಗನ್ನು ತಂಪಾಗಿಡುತ್ತಿದ್ದರಂತೆ. ನೀರು ನಿಂತು ಎಷ್ಟೋ ಕಾಲವಾಗಿದ್ದರೂ ತಂಪು ಇನ್ನೂ ರಾಜನಿಷ್ಠೆಯಿಂದ ಅಲ್ಲಿಯೇ ಇತ್ತು. ಪ್ರವೇಶದ ಚೀಟಿ ಕೊಡುವವರ ಕಿಟಕಿ ಮುಚ್ಚಿತ್ತು. ಕಾವಲುಗಾರ ಬದ್ರುದ್ದೀನ್ ಕಂಬಳಿ ಹೊದ್ದು ಬಿಸಿಲಿನಲ್ಲಿ ಕುಳಿತಿದ್ದನು.

"ಚೀಟಿಯವ್ರು ಹೊಲಕ್ಕ ಹೋಗ್ಯಾರ ಸಾಬ್. ಮಾಲೀನೂ ಹೋಗ್ಯಾನ. ಇವತ್ತ ಯಾರೂ ಬರಾಂಗಿಲ್ಲ ಇಲ್ಲಿ. ನೀವು ಹ್ಯಾಂಗ ಬಂದ್ರಿ?"

"ನೋಡ್ಲಿಕ್ಕೆ ಬಂದೀವಿ," ಎಂದರು ದಿಗಂಬರಪ್ಪನವರು ಗಂಭೀರವಾಗಿ.

"ನೋಡ್ರಿ ನೋಡ್ರಿ," ಎಂದನು ಬದ್ರುದ್ದೀನ್ ಕನಿಕರದಿಂದ.

ಬಾಗು ಚೌಕಾಕಾರದ್ದು. ನಡುವೆ ಕಾರಂಜಿ ಇತ್ತು. ಅದರಲ್ಲಿ ಒಣಗಿದ ಎಲೆಗಳಿದ್ದುವು. 'ಹುಲ್ಲಿನ ಮೇಲೆ ನಡೆಯಬಾರದು' ಎಂಬ ಹಲಗೆ ಇತ್ತು, ಹುಲ್ಲು ಇರಲಿಲ್ಲ. ಎರಡು ಪೇರಲ ಗಿಡಗಳು, ಒಂದು ಬೇವು, ಮೂರು ಆಡುಗಳು. ರತ್ನಮಾಲಾಬಾಯಿ ಬೇವಿನ ನೆರಳನ್ನು ಬಿಟ್ಟು ಬಿಸಿಲಿನಲ್ಲಿ ಕಂಬಳಿ ಹಾಸಿ, ಗಡಿಗೆಯನ್ನಿಳಿಸಿ, ಕೈಕಟ್ಟಿ ಕುಳಿತರು. ಅರಮನೆಯ ಕಡೆಗೆ ತಲೆ ಎತ್ತಲಿಲ್ಲ.

"ಬಡಿಸು," ಎಂದರು ದಿಗಂಬರಪ್ಪನವರು.

"ಚರಗ ಚೆಲ್ಲಲಾರದ ನಾ ಬಾಯಾಗ ತುತ್ತು ಹಾಕಾಂಗಿಲ್ಲ. ನಿಮಗೂ ಹಾಕಾಂಗಿಲ್ಲ."

ದಿಗಂಬರಪ್ಪನವರಿಗೆ ಮಿಂಚು ಹೊಡೆದಂತಾಯಿತು. ಇಷ್ಟು ಹೊತ್ತು ಇದು ಅವರಿಗೆ ಹೊಳೆದೇ ಇರಲಿಲ್ಲ. ಇಲ್ಲಿ ಚರಗ ಚೆಲ್ಲಬೇಕಾದವರು ಯಾರು? ತಾವೇ. ಅದೂ ಯಾರದೋ ತೊಗರಿ ಹೊಲದಲ್ಲಲ್ಲ, ರಾಜರ ಬಾಗಿನಲ್ಲಿ. ಮೂವತ್ತು ವರ್ಷ ಕಾದದ್ದಕ್ಕೆ ಭೂಮಿತಾಯಿ ಬಡ್ಡಿ ಸಮೇತ ಪಟ್ಟಾಭಿಷೇಕ ಮಾಡುತ್ತಿದ್ದಾಳೆ. ಅವರು ಧೋತರದ ಚುಂಗನ್ನು ಸಿಕ್ಕಿಸಿಕೊಂಡು ಎದ್ದರು. ಬುಟ್ಟಿಯಲ್ಲಿ ಭಜ್ಜಿ, ಕಡುಬು, ರೊಟ್ಟಿಯ ಚೂರು ತುಂಬಿಕೊಂಡರು. ರತ್ನಮಾಲಾಬಾಯಿ ತಂಬಿಗೆ ಹಿಡಿದು ಹಿಂದೆ ನಿಂತರು. ದಿಗಂಬರಪ್ಪನವರು ಎದೆಯುಬ್ಬಿಸಿ, ಮೊದಲ ಹಿಡಿ ಚೆಲ್ಲಿ, ಮೂವತ್ತು ವರ್ಷ ಕೂಡಿಟ್ಟ ಕೂಗನ್ನು ಕೂಗಿದರು.

"ಹುಲ್ಲುಲ್ಲಿಗೋ."

ಹಿಂದೆ ನೀರು ಚಿಮುಕಿಸಿದ ಸದ್ದಾಯಿತು. ಮಾತಿಲ್ಲ.

"ಹುಲ್ಲುಲ್ಲಿಗೋ."

"ಮ್ಯಾ," ಎಂದಿತು ಒಂದು ಆಡು. ಮೂರೂ ಆಡುಗಳು ರತ್ನಮಾಲಾಬಾಯಿಯ ಬೆನ್ನ ಹಿಂದೆ ಸಾಲಾಗಿ ಬರುತ್ತ ಭೂಮಿತಾಯಿಯ ಬಯಕೆಯನ್ನು ಒಂದು ಕಾಳೂ ಬಿಡದಂತೆ ನೆಕ್ಕುತ್ತಿದ್ದುವು.

ದಿಗಂಬರಪ್ಪನವರು ತಿರುಗಿದರು. "ಕೂಗು."

"ನಾ ಯಾಕ ಕೂಗಲ್ರಿ?"

"ಹಿಂದ ಇದ್ದವ್ರು ಕೂಗಬೇಕು."

"ಹಿಂದ ನಡಿಯೂದು ಕೀಳು ಕೆಲಸ ಅಂದವ್ರು ನೀವ. ಆ ಕೀಳು ಕೆಲಸ ನನಗ್ಯಾಕ? ನೀರು ಹಾಕ್ತೀನಿ, ಅದು ಭೂಮಿತಾಯಿ ಸಲುವಾಗಿ. ಕೂಗೂದಿಲ್ಲ."

"ರತ್ನಾ, ಜರಾ ಮರ್ಯಾದಿ ಉಳಸು. ಒಬ್ಬವನ ಕೂಗಿದ್ರ ಹುಚ್ಚನಂಗ ಕಾಣತೇನಿ."

"ಹಂಗಾದ್ರ ಎರಡೂ ನೀವ ಕೂಗ್ರಿ."

ಅದಾಗದು. ಹಿಂದಿನ ಕೂಗು ಈ ಬಾಯಿಂದ ಹೊರಡುವುದಿಲ್ಲವೆಂದು ಆಣೆಯಿಟ್ಟಾಗಿತ್ತು. ದಿಗಂಬರಪ್ಪನವರು ಬುಟ್ಟಿ ಹಿಡಿದು ಕಾರಂಜಿಯ ಪಕ್ಕದಲ್ಲಿ ಕಂಬದಂತೆ ನಿಂತರು. ಇದನ್ನೆಲ್ಲ ನೋಡುತ್ತಿದ್ದ ಬದ್ರುದ್ದೀನನು ಕರುಣೆಯಿಂದ ಒಂದು ಉಪಾಯ ಹೇಳಿದನು.

"ಸಾಬ್, ಗುಮ್ಮಟದ ಕೆಳಗ ನಿಂತು ಕೂಗ್ರಿ. ವಾಪಸ್ ಬರ್ತದ."

ಹೌದಲ್ಲ. ಅರಮನೆಯೇ ಉತ್ತರ ಕೊಡುವಾಗ ಹೆಂಡತಿಯ ಹಂಗೇಕೆ? ಅವರು ಬುಟ್ಟಿ ಸಮೇತ ಒಳಗೆ ನಡೆದರು. ಒಳಗಿನ ತಂಪಿಗೆ ಹಲ್ಲು ಕಟಕಟಿಸಿತು. ನಡುವೆ ನಿಂತು ಮೇಲೆ ನೋಡಿ ಕೂಗಿದರು. "ಹುಲ್ಲುಲ್ಲಿಗೋ."

"ಹುಲ್ಲುಲ್ಲಿಗೋ," ಎಂದಿತು ಗುಮ್ಮಟ.

ದಿಗಂಬರಪ್ಪನವರಿಗೆ ಅದು ಸರಿಬರಲಿಲ್ಲ. ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಕೂಗಿದರು. ಗುಮ್ಮಟ ಇನ್ನೂ ಗಟ್ಟಿಯಾಗಿ ಅದನ್ನೇ ಹೇಳಿತು. ಅವರು ಪೂರ್ವದ ಮೂಲೆಗೆ ಹೋದರು, ಪಶ್ಚಿಮದ ಮೂಲೆಗೆ ಹೋದರು, ಕಟ್ಟೆಯ ಮೇಲೆ ಹತ್ತಿದರು. ಹದಿನೈದು-ಇಪ್ಪತ್ತು ಸಲ ಕೂಗಿರಬೇಕು. ಕಲ್ಲಿನ ಅರಮನೆ ಮುಂದಿನವನ ಕೂಗನ್ನು ಮುಂದಿನವನಿಗೇ ಹಿಂದಿರುಗಿಸಿತೇ ಹೊರತು, ಆ ಒಂದು ಹಿಂದಿನ ಮಾತನ್ನು ಕೊಡಲಿಲ್ಲ.

"ಸಾಬ್," ಎಂದನು ಬಾಗಿಲಲ್ಲಿ ನಿಂತ ಬದ್ರುದ್ದೀನ್, "ಇಪ್ಪತ್ತು ವರ್ಷ ಆತು ನಾ ಇಲ್ಲಿದ್ದು. ಅದು ತಾನಾಗಿ ಬ್ಯಾರೆ ಮಾತು ಒಂದ ದಿನಾನೂ ಆಡಿಲ್ಲ. ಸುಮ್ಮ ಗಂಟಲ ಯಾಕ ಹರಕೋತೀರಿ?"

ಗಂಟಲು ಆಗಲೇ ಹರಿದಿತ್ತು. ದಿಗಂಬರಪ್ಪನವರು ಏನೋ ಹೇಳಲು ಬಾಯಿ ತೆರೆದರು. ಸೈಕಲ್ ಟ್ಯೂಬಿನಿಂದ ಹೋಗುವಂತೆ ಗಾಳಿ ಹೋಯಿತು.

ಹೊರಗೆ ಬಂದಾಗ, ಒಂದು ಹೊಲದ ಊಟ ಮುಗಿಸಿಕೊಂಡು ಯುನೂಸನು ಬಂದು ನಿಂತಿದ್ದನು. ಹುಡಗಿಯ ಕಡೆಯಿಂದ ಬಂದ ಇನ್ನೊಂದು ಜೀಪಿನವನು ರಸ್ತೆಯಲ್ಲಿ ಅವನಿಗೆ ಸುದ್ದಿ ಹೇಳಿದ್ದನು. "ಅಪ್ಪಾರ, ನಿಮ್ಮ ಅಣ್ಣಾವ್ರ ಹೊಲದಾಗ ಇಪ್ಪತ್ತು-ಇಪ್ಪತ್ತೈದು ಮಂದಿ ಕುಂತಾರಂತ. ಎರಡು ಗಂಟಿ ಹೊಡದ್ರೂ ಯಾರೂ ಒಂದು ತುತ್ತು ತಿಂದಿಲ್ಲಂತ. ಇನ್ನೂ ಚರಗ ಚೆಲ್ಲಿಲ್ಲಂತ. ಯಾರೋ ಬರೂದದಂತ, ಅವ್ರ ಹಾದಿ ನೋಡ್ಲಿಕತ್ಯಾರಂತ."

ದಿಗಂಬರಪ್ಪನವರಿಗೆ ಎಲ್ಲವೂ ಸ್ಪಷ್ಟವಾಯಿತು. ಜರಿ ರುಮಾಲು ಸುಮ್ಮನೆ ಬಂದದ್ದಲ್ಲ. ಅಣ್ಣ ಯಾವನೋ ದೊಡ್ಡ ಸಾಹೇಬನನ್ನು ಕರೆದಿದ್ದಾನೆ. ತಮ್ಮನ ತಂಬಿಗೆಯೂ ಸಾಹೇಬನ ಕೈಗೆ ಹೋಗಿರಬೇಕು. ಈ ಅನ್ಯಾಯವನ್ನು ಕಣ್ಣಾರೆ ನೋಡಲೇಬೇಕು. ಬಾಯಿಂದ ಹೇಳಲಾರದೆ ಜೀಪಿನ ಕಡೆಗೆ ಕೈ ತೋರಿಸಿದರು. ನೋಡಿದರೆ ರತ್ನಮಾಲಾಬಾಯಿ ಗಡಿಗೆ ಸಮೇತ ಆಗಲೇ ಅದರಲ್ಲಿ ಕುಳಿತಿದ್ದರು. ಅಳಿದುಳಿದ ಭಜ್ಜಿಯನ್ನು ಅವರು ಬದ್ರುದ್ದೀನನ ತಟ್ಟೆಗೆ ಹಾಕಿಯಾಗಿತ್ತು.

ಹುಡಗಿಯ ಹೊಲ ಮುಟ್ಟುವಾಗ ಹೊತ್ತು ಇಳಿದಿತ್ತು. ಜೋಳದ ಕೊಂಪೆಯ ಮುಂದೆ ಬೀಗರು, ಒಕ್ಕಲಿಗರು, ಮಕ್ಕಳು ಎಲ್ಲರೂ ಸಾಲಾಗಿ ಕುಳಿತು, ಮುಚ್ಚಿದ ಬುಟ್ಟಿಗಳನ್ನು ದೇವರಂತೆ ನೋಡುತ್ತಿದ್ದರು. ಸಾಹೇಬನು ಎಲ್ಲಿಯೂ ಇರಲಿಲ್ಲ. ಶಂಕರಲಿಂಗಪ್ಪ ಚೀಲದ ಮೇಲೆ ಕಾಲು ಚಾಚಿ ಕುಳಿತಿದ್ದನು. ಆ ಗುಲಾಬಿ ಜರಿ ರುಮಾಲು ಅವನ ತಲೆಯ ಮೇಲೆ ಇರಲಿಲ್ಲ. ಅದನ್ನು ಬಲ ಮೊಳಕಾಲಿಗೆ ಬಿಗಿಯಾಗಿ ಸುತ್ತಿಕೊಂಡಿದ್ದನು.

"ಬಂದೇನಪಾ ದಿಗ್ಯಾ," ಎಂದನು ಅಣ್ಣ. "ಮಂದಿ ಹೊಟ್ಟಿ ಹಸ್ತು ನನ್ನ ಬೈಲಿಕತ್ಯಾರ."

ಅತ್ತಿಗೆ ಮೀರಾಬಾಯಿ ಗಡಿಗೆಯ ಹಿಂದಿನಿಂದ ಹೇಳಿದರು. "ಚೆಲ್ಲಿಬಿಡ್ರಿ ಅಂತ ಹತ್ತು ಸಲ ಹೇಳಿದೆ ದಿಗಂಬರ. ಹಿಂದ ಕೂಗಾವ್ ಬರಲಾರದ ಮುಂದ ಹ್ಯಾಂಗ ಹೋಗ್ಲಿ ಅಂತಾರ. ಮಕ್ಕಳು ಕೂಗ್ತೀವಿ ಅಂದ್ರು, ಅವ್ರಿಗೂ ಬ್ಯಾಡ ಅಂದ್ರು."



ಅಣ್ಣ ಮೊಳಕಾಲಿನ ರುಮಾಲನ್ನು ಬಿಚ್ಚತೊಡಗಿದನು. "ಈ ವರ್ಷ ನನ್ನ ಕೈಲೆ ಮುಂದ ನಡಿಯೂದಾಗೂದಿಲ್ಲ ತಮ್ಮಾ. ಮೊಳಕಾಲು ಹೋಗ್ಯಾವ. ನೀ ಮುಂದ ನಡಿ, ನಾ ಸಾವಕಾಶ ಹಿಂದ ಬರ್ತೀನಿ ಅಂತ ಮಾಡಿದ್ದೆ. ಬರೇ ತಲೀಲೆ ಹ್ಯಾಂಗ ಕಳಿಸೂದಂತ ಮಚ್ಚೇಂದ್ರನ ಕಡಿಂದ ಇದನ್ನ ತಂದೆ. ಬಣ್ಣ ಹ್ಯಾಂಗ ಕಾಣತದ ಅಂತ ನನ್ನ ತಲಿಗೇ ಸುತ್ತಿ ನೋಡಿದ್ದೆ, ನಿಂದೂ ನನ್ನಂಗ ಅಗಲ ಮಾರಿ ಅಲ್ಲೇನು? ನೀ ಬರಲಿಲ್ಲ. ಮೊಳಕಾಲು ಹಿಡಕೊಂಡ್ತು, ಕಟ್ಟಲಿಕ್ಕೆ ಬ್ಯಾರೆ ಏನೂ ಸಿಗಲಿಲ್ಲ."

ದಿಗಂಬರಪ್ಪನವರ ಬಾಯಿ ಅಲುಗಿತು. ಮಾತು ಬರಲಿಲ್ಲ.

"ಇನ್ನೂ ಸಿಟ್ಟು ಇಳದಿಲ್ಲೇನು?" ಎಂದನು ಅಣ್ಣ. "ಏನ ಸಿಟ್ಟಿಗೆ ಬಂದೀ ಅಂತನೂ ನನಗ ಗೊತ್ತಿಲ್ಲ. ಮಕ್ಕಳನ್ನ ಕೇಳಿದ್ರ ಅವ್ರೂ ಬಾಯಿ ಬಿಡವಲ್ರು. ಒಂದು ಮಾತಾಡಪಾ."

ದಿಗಂಬರಪ್ಪನವರು ಗಂಟಲನ್ನು ಮುಟ್ಟಿ ತೋರಿಸಿದರು. ಕೈ ಆಡಿಸಿದರು. ಅಣ್ಣನ ಮುಖ ಸಣ್ಣದಾಯಿತು. ಕಡೆಗೆ ರತ್ನಮಾಲಾಬಾಯಿಯೇ ಹೇಳಬೇಕಾಯಿತು. "ಸಿಟ್ಟಲ್ರಿ ಭಾವಾರ. ದನಿ ಇಲ್ಲ. ಅರಮನ್ಯಾಗ ಬಿಟ್ಟು ಬಂದಾರ."

ಹೀಗೆ ಮೂವತ್ತು ವರ್ಷ ಬಯಸಿದ ಸಿಂಹಾಸನ ದೊರೆಯಿತು. ತಲೆಯ ಮೇಲೆ ಜರಿ ರುಮಾಲು. ಅದರಿಂದ ಮೊಳಕಾಲಿಗೆ ಹಚ್ಚಿದ ಎಣ್ಣೆಯ ಘಾಟು ಮೂಗಿಗೆ ಹೊಡೆಯುತ್ತಿತ್ತು. ಕೈಯಲ್ಲಿ ಬುಟ್ಟಿ. ಮುಂದೆ ಯಾರೂ ಇಲ್ಲ. ದಿಗಂಬರಪ್ಪನವರು ಮೊದಲ ಹಿಡಿ ಚೆಲ್ಲಿ ಬಾಯಿ ತೆರೆದರು. ಗಾಳಿ ಹೋಯಿತು. ಹಿಂದೆ ಅಣ್ಣ ಸ್ವಲ್ಪ ಹೊತ್ತು ಕಾದನು. ಆಮೇಲೆ ಅವನೇ ಮುಂದಿನ ಕೂಗು ಕೂಗಿದನು, ಅವನೇ ಹಿಂದಿನ ಉತ್ತರವನ್ನೂ ಕೊಟ್ಟನು. ಹೊಲದ ಸುತ್ತ ಹಾಗೆಯೇ ನಡೆಯಿತು: ಮುಂದೆ ಮೂಗ ರಾಜ, ಹಿಂದೆ ಕುಂಟುತ್ತ ಎರಡು ದನಿಯ ಮುದುಕ. ಮುಂದೆ ನಡೆಯುವವನಿಗೆ ಹಿಂದಿನವನ ಮುಖ ಕಾಣುವುದಿಲ್ಲವೆಂಬುದು ದಿಗಂಬರಪ್ಪನವರಿಗೆ ಅಂದೇ ತಿಳಿದದ್ದು. ಇಷ್ಟು ವರ್ಷ ಎದುರಿಗೆ ಅಣ್ಣನ ಅಗಲವಾದ ಬೆನ್ನಾದರೂ ಇರುತ್ತಿತ್ತು. ಈಗ ಬರಿಯ ಕಡಲೆ ಹೊಲ, ಅದರಾಚೆ ಬದು. ಹಿಂದೆ ಕಾಲೆಳೆಯುವ ಸದ್ದು ನಿಂತಾಗಲೆಲ್ಲ ಅವರೂ ನಿಲ್ಲುತ್ತಿದ್ದರು; ಮತ್ತೆ ಕೇಳಿದ ಮೇಲೆ ಹೆಜ್ಜೆಯಿಡುತ್ತಿದ್ದರು.

ಊಟಕ್ಕೆ ಕುಳಿತಾಗ ಬೀಗರೊಬ್ಬರು ಪಕ್ಕದವರಿಗೆ ಹೇಳಿದರು. "ನೋಡಿದ್ರಿಲ್ಲ? ಮೂರು ತಾಸು ಉಪಾಸ ಕೂಡಿಸಿ, ಜರಿ ರುಮಾಲು ಸುತಗೊಂಡು, ಕೂಗೂ ಕೆಲಸಾನೂ ಅಣ್ಣನ ಕಡಿಂದನ ಮಾಡಿಸಿದಾ. ಎಂಥಾ ಸೊಕ್ಕು." ದಿಗಂಬರಪ್ಪನವರು ತಲೆ ಬಗ್ಗಿಸಿ ಅಂಬಲಿ ಕುಡಿದರು. ಅಲ್ಲವೆನ್ನಲು ದನಿ ಇರಲಿಲ್ಲ. ಇದ್ದಿದ್ದರೂ ಅಲ್ಲವೆನ್ನುವುದು ಹೇಗೆ?

ಮರುವರ್ಷ ದಿಗಂಬರಪ್ಪನವರ ಗಂಟಲು ಗಂಟೆಯಂತಿತ್ತು. ಅಣ್ಣನ ಮೊಳಕಾಲು ಪೂರಾ ಹೋಗಿತ್ತು. ಅವನು ಕೊಂಪೆಯ ಮುಂದೆ ಕುಳಿತಲ್ಲಿಂದಲೇ ಉತ್ತರ ಕೂಗುತ್ತೇನೆಂದನು. ರತ್ನಮಾಲಾಬಾಯಿ ತಂಬಿಗೆ ಹಿಡಿದು ಹಿಂದೆ ನಡೆದರು. ಹತ್ತಿರದ ಬದುಗಳಲ್ಲಿ ಕೂಗಿದಾಗಲೆಲ್ಲ ಅಣ್ಣನ "ಚಲ್ಲಂಬರಿಗೋ" ತೆಳ್ಳಗೆ ತೇಲಿ ಬರುತ್ತಿತ್ತು. ಹಳ್ಳದ ಕಡೆಯ ಕೊನೆಯ ಮೂಲೆಗೆ ಹೋದಾಗ ಬರಲಿಲ್ಲ. ದಿಗಂಬರಪ್ಪನವರು ಇನ್ನೊಮ್ಮೆ ಕೂಗಿ ಕಾದರು. ಗಾಳಿ ಅಣ್ಣನ ಕಡೆಗೆ ಬೀಸುತ್ತಿತ್ತು. ಆಗ ಅವರು ಆಚೀಚೆ ನೋಡಿ, ಯಾರಿಗೂ ಕೇಳದಷ್ಟು ಮೆಲ್ಲಗೆ, ಆಣೆ ಮುರಿದು, ಆ ಹಿಂದಿನ ಮಾತನ್ನು ತಾವೇ ಹೇಳಿಕೊಂಡರು.

ಬೆನ್ನ ಹಿಂದೆ ನೀರು ಚಿಮುಕಿಸುವ ಸದ್ದು ನಿಂತಿತು.

"ಇದನ್ನ ಅರಮನ್ಯಾಗನ ಮಾಡಬಹುದಿತ್ತಲ್ರಿ," ಎಂದರು ರತ್ನಮಾಲಾಬಾಯಿ. "ಗಂಟಲಾದ್ರೂ ಉಳೀತಿತ್ತು. ನಡೀರಿ ಮುಂದ, ಭಾವಾರು ಹಾದಿ ನೋಡ್ಲಿಕತ್ಯಾರ."